ಸೇಂಟ್ ಮಾರ್ಕ್ಸ್ ಚರ್ಚ್, ಮಡಿಕೇರಿ ಕೋಟೆ

ಮಡಿಕೇರಿ ಕೋಟೆಯ ಆವರಣದಲ್ಲಿ 1859ರಲ್ಲಿ ಕಟ್ಟಿದ ಆಂಗ್ಲಿಕನ್ ಚರ್ಚು. 1971ರಿಂದ ಈ ಕಟ್ಟಡದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ.

17ನೇ ಶತಮಾನದ ಕೊನೆಯಲ್ಲಿ ಕೊಡಗನ್ನು ಆಳುತ್ತಿದ್ದ ಹಾಲೇರಿ ವಂಶದ ಅರಸ ಮುದ್ದುರಾಜ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ್ದ. ಅದನ್ನು ಕಲ್ಲಿನಲ್ಲಿ ಮತ್ತೆ ಎಬ್ಬಿಸಿದವನು ಟಿಪ್ಪು ಸುಲ್ತಾನ. 1834ರಲ್ಲಿ ಅದೇ ವಂಶದ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತನ್ನದಾಗಿಸಿಕೊಂಡಿತು. ಹಾಲೇರಿ ಅರಸರು ವೀರಶೈವರು, ಕೋಟೆಯೊಳಗೆ ವೀರಭದ್ರನ ಗುಡಿಯಿತ್ತು. 1855ರಲ್ಲಿ ಅದನ್ನು ತೆಗೆಸಿ, ಆ ಜಾಗದಲ್ಲಿ ಚರ್ಚು ಕಟ್ಟಿದರು. ಈ ಮಾತು ಬಿಟ್ಟು ಕಟ್ಟಡದ ಚೆಲುವನ್ನಷ್ಟೇ ಬಣ್ಣಿಸಿದರೆ ಚರಿತ್ರೆ ಅರ್ಧವಾಗುತ್ತದೆ. ಗುಡಿ ತೆಗೆಸುವ ವೇಳೆಗಾಗಲೇ, 1852ರಲ್ಲಿ, ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ ಪಡೆದಿದ್ದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಿದ್ದಳು.

ಕಟ್ಟಡ ಗಾಥಿಕ್ ಶೈಲಿಯದು. ಮೊನೆಯಾದ ಕಮಾನುಗಳು, ಬಣ್ಣದ ಗಾಜಿನ ಕಿಟಕಿಗಳು ಇದರ ಗುರುತು. ಇಂಗ್ಲೆಂಡಿನಲ್ಲಿ ಆಗ ಮಧ್ಯಯುಗದ ಈ ಶೈಲಿಗೆ ಮರುಹುಟ್ಟು ಬಂದಿತ್ತು. ಆಂಗ್ಲರು ಹೋದ ಕಡೆಗೆಲ್ಲ ಅದೂ ಹೋಯಿತು. ಈ ಚರ್ಚಿನ ಖರ್ಚು ಮದ್ರಾಸ್ ಸರ್ಕಾರದ್ದು. ಪ್ರಾರ್ಥನೆಗೆ ಬರುತ್ತಿದ್ದವರು ಮುಖ್ಯವಾಗಿ ಆಡಳಿತದಲ್ಲಿದ್ದ ಇಂಗ್ಲಿಷರು. ಇದು ಆಳುವವರ ಚರ್ಚಾಗಿತ್ತು, ಊರಿನದಲ್ಲ.

ಊರಿನ ಜನರ ನಡುವೆ ಕೆಲಸ ಮಾಡಿದ್ದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ. ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದ. ಜೀತದಲ್ಲಿ ನಲುಗುತ್ತಿದ್ದ ಹೊಲೆಯ ಸಮುದಾಯದಿಂದ ಕ್ರೈಸ್ತರಾದವರಿಗಾಗಿ ಅಮ್ಮತ್ತಿಯ ಬಳಿ ಆನಂದಪುರವೆಂಬ ಊರನ್ನೇ ಕಟ್ಟಿದ. ಕೊಡಗಿನ ಕ್ರೈಸ್ತ ಬದುಕನ್ನು ತಿಳಿಯಬೇಕಾದವರು ಕೋಟೆಗಿಂತ ಮೊದಲು ಆನಂದಪುರವನ್ನು ನೋಡಬೇಕು.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಆಂಗ್ಲಿಕನ್ನರು ಇತರ ಪ್ರಾಟೆಸ್ಟೆಂಟ್ ಪಂಗಡಗಳೊಡನೆ ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಸಭೆಯಾದರು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಹೊಸ ಸಭೆಯಲ್ಲಿ ಬಾಳಿತು. ಮಡಿಕೇರಿಯದು, ಬ್ರಿಟಿಷರು ಹೊರಟ ಮೇಲೆ, ಬಾಗಿಲು ಮುಚ್ಚಿತು. 1971ರಲ್ಲಿ ಪುರಾತತ್ತ್ವ ಇಲಾಖೆ ಇದನ್ನು ವಹಿಸಿಕೊಂಡು ಸಂಗ್ರಹಾಲಯ ತೆರೆಯಿತು. ಕೊಡಗಿನ ಜೈನ ಶಿಲ್ಪಗಳು, ವೀರಗಲ್ಲುಗಳು, ಹಳೆಯ ಆಯುಧಗಳು ಇಲ್ಲಿವೆ. ಊರಿನವರೂ ಶಾಲೆಯ ಮಕ್ಕಳೂ ಒಳಗೆ ಕಾಲಿಟ್ಟು ಗಾಜಿನ ಕಿಟಕಿಗಳನ್ನು ಹತ್ತಿರದಿಂದ ನೋಡಬಹುದು.