ಗ್ರಹಕಕ್ಷೆಯ ನಿಯಮಗಳು: ಇತಿಹಾಸ

ಗ್ರಹವೊಂದು ಸೂರ್ಯನ ಸುತ್ತ ಹಿಡಿಯುವ ದಾರಿ, ಆ ದಾರಿಯಲ್ಲಿ ಅದರ ವೇಗ, ಅದನ್ನು ಅಲ್ಲಿ ಹಿಡಿದಿಡುವ ಬಲ ಇವನ್ನು ತಿಳಿಸುವ ನಿಯಮಗಳು ಯುರೋಪಿನಲ್ಲಿ 1609 ಮತ್ತು 1687ರ ನಡುವೆ ಪ್ರಕಟವಾದವು. ದಾರಿ ಮತ್ತು ವೇಗದ ನಿಯಮಗಳು ಯೋಹಾನೆಸ್ ಕೆಪ್ಲರನವು (1571–1630). ಬಲದ ನಿಯಮ ಐಸಾಕ್ ನ್ಯೂಟನ್ನನದು (1642–1727).

ಗ್ರಹಗಳ ಸ್ಥಾನವನ್ನು ಮುಂಚಿತವಾಗಿ ಲೆಕ್ಕಹಾಕುವ ವಿದ್ಯೆ ಇದಕ್ಕಿಂತ ಬಹಳ ಹಳೆಯದು. ಅಲೆಕ್ಸಾಂಡ್ರಿಯದ ಟಾಲೆಮಿಯೂ 499ರ ಆರ್ಯಭಟನೂ ವೃತ್ತದ ಮೇಲೆ ವೃತ್ತ ಕೂರಿಸಿ ಗ್ರಹಗತಿಯನ್ನು ಗಣಿಸಿದರು. ಸಾಂಪ್ರದಾಯಿಕ ಪಂಚಾಂಗಗಳ ಮಂದ, ಶೀಘ್ರ ಸಂಸ್ಕಾರಗಳು ಈ ಗಣಿತದವೇ. ಕೇರಳದ ನೀಲಕಂಠ ಸೋಮಯಾಜಿ ‘ತಂತ್ರಸಂಗ್ರಹ’ದಲ್ಲಿ (1501) ಬುಧ, ಶುಕ್ರರ ಲೆಕ್ಕವನ್ನು ತಿದ್ದಿದ. 1543ರಲ್ಲಿ ಕೊಪರ್ನಿಕಸ್ ಸೂರ್ಯನನ್ನು ನಡುವೆ ತಂದನಾದರೂ ವೃತ್ತಗಳನ್ನು ಬಿಡಲಿಲ್ಲ. ಸ್ಥಾನ ಸರಿಬಂದರೆ ಬಹುತೇಕ ಗಣಿತಜ್ಞರಿಗೆ ಅಷ್ಟೇ ಸಾಕಾಗಿತ್ತು. ಗ್ರಹವನ್ನು ಓಡಿಸುವುದು ಏನು ಎಂಬ ಪ್ರಶ್ನೆಯನ್ನು ಅವರು ತತ್ತ್ವಶಾಸ್ತ್ರಕ್ಕೆ ಬಿಟ್ಟಿದ್ದರು. ಆ ಪ್ರಶ್ನೆಯನ್ನು ಗಣಿತದೊಳಕ್ಕೆ ಎಳೆದು ತಂದದ್ದೇ ಕೆಪ್ಲರನ ನಿಜವಾದ ಹೊಸತನ.

ಅವನಿಗೆ ಬೇಕಾದ ಅಂಕಿಗಳು ಡೆನ್ಮಾರ್ಕಿನ ಟೈಕೊ ಬ್ರಾಹೆಯಿಂದ ಬಂದವು. ಹ್ವೇನ್ ದ್ವೀಪದ ವೀಕ್ಷಣಾಲಯದಲ್ಲಿ ಸುಮಾರು ಇಪ್ಪತ್ತು ವರ್ಷ ಬ್ರಾಹೆ ದೂರದರ್ಶಕವಿಲ್ಲದೆ, ಬೃಹತ್ ಕೋನಮಾಪಕಗಳಿಂದಲೇ ಆಕಾಶವನ್ನು ಅಳೆದಿದ್ದ. 1600ರಲ್ಲಿ ಪ್ರಾಗ್ ಬಳಿ ಕೆಪ್ಲರ್ ಅವನ ಜೊತೆ ಸೇರಿದಾಗ ಪಾಲಿಗೆ ಬಂದ ಕೆಲಸ ಮಂಗಳನ ಕಕ್ಷೆ. ಮರುವರ್ಷ ಬ್ರಾಹೆ ತೀರಿಕೊಂಡ. ದಾಖಲೆಗಳು ಕೆಪ್ಲರನ ಕೈಸೇರಿದವು, ಜೊತೆಗೆ ವಾರಸುದಾರರ ತಕರಾರೂ.

ವೃತ್ತವನ್ನೇ ನಂಬಿ ಕಟ್ಟಿದ ಅವನ ಮೊದಲ ಮಾದರಿ ಕೆಲವೆಡೆ ಬ್ರಾಹೆಯ ಅಳತೆಯಿಂದ 8 ಕಲೆಯಷ್ಟು ಸರಿಯಿತು. ಡಿಗ್ರಿಯ ಅರುವತ್ತರಲ್ಲಿ ಒಂದು ಭಾಗ ಒಂದು ಕಲೆ. 8 ಕಲೆ ಎಂದರೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲುಭಾಗ. ಹಿಂದಿನವರಾಗಿದ್ದರೆ ಇದನ್ನು ವೀಕ್ಷಣೆಯ ದೋಷವೆಂದು ಬಿಟ್ಟುಬಿಡುತ್ತಿದ್ದರು. ಬ್ರಾಹೆ ಅಷ್ಟು ತಪ್ಪಿರಲಾರ ಎಂದು ಕೆಪ್ಲರ್ ತನ್ನ ಮಾದರಿಯನ್ನೇ ಕೈಬಿಟ್ಟ.

ಮಂಗಳನನ್ನು ನೋಡುವುದು ಚಲಿಸುವ ಭೂಮಿಯಿಂದ. ಹಾಗಾಗಿ ಮೊದಲು ಭೂಮಿಯ ಕಕ್ಷೆ ಖಚಿತವಾಗಬೇಕು. ಇದಕ್ಕೆ ಅವನು ಹೂಡಿದ ಉಪಾಯ ಈ ಇಡೀ ಇತಿಹಾಸದಲ್ಲೇ ಅತ್ಯಂತ ಚೆಲುವಾದದ್ದು. ಮಂಗಳ 687 ದಿನಗಳಿಗೊಮ್ಮೆ ಇದ್ದಲ್ಲಿಗೇ ಬರುತ್ತದೆ; ಆಗ ಭೂಮಿ ಮಾತ್ರ ಬೇರೆ ಜಾಗದಲ್ಲಿರುತ್ತದೆ. 687 ದಿನಗಳ ಅಂತರದ ವೀಕ್ಷಣೆಗಳನ್ನು ಆರಿಸಿಕೊಂಡು, ಸರ್ವೆಯವರು ದೂರದ ಗೋಪುರವನ್ನು ಗುರುತಾಗಿಟ್ಟುಕೊಂಡು ತಾವು ನಿಂತ ಜಾಗ ಕಂಡುಕೊಳ್ಳುವಂತೆ, ಅವನು ಭೂಮಿಯ ದಾರಿಯನ್ನು ಗುರುತಿಸಿದ. ಆಮೇಲೆ ಮಂಗಳ. ಮೊಟ್ಟೆಯಾಕಾರವನ್ನೂ ಪರೀಕ್ಷಿಸಿ ಕೈಬಿಟ್ಟು, ಕೊನೆಗೆ ಸೂರ್ಯನನ್ನು ಒಂದು ನಾಭಿಯಲ್ಲಿಟ್ಟುಕೊಂಡ ದೀರ್ಘವೃತ್ತಕ್ಕೆ ಬಂದ. ಇದು ‘ಆಸ್ಟ್ರೊನಾಮಿಯ ನೋವ’ದಲ್ಲಿ (1609) ಪ್ರಕಟವಾಯಿತು. ಪಠ್ಯಪುಸ್ತಕಗಳ ಚಿತ್ರಗಳು ಇಲ್ಲಿ ದಾರಿ ತಪ್ಪಿಸುತ್ತವೆ: ಮಂಗಳನ ಕಕ್ಷೆಯ ಅಗಲ ಉದ್ದಕ್ಕಿಂತ ಶೇಕಡ ಅರ್ಧದಷ್ಟೂ ಕಡಿಮೆಯಿಲ್ಲ. ಕಾಗದದ ಮೇಲೆ ಬರೆದರೆ ಕಣ್ಣಿಗೆ ವೃತ್ತವೇ. ಸೂರ್ಯ ನಡುವಿನಿಂದ ಪಕ್ಕಕ್ಕೆ ಸರಿದಿರುವುದು ಮಾತ್ರ ಎದ್ದು ಕಾಣುತ್ತದೆ.

ಸೂರ್ಯನಿಂದ ಗ್ರಹಕ್ಕೆ ಎಳೆದ ರೇಖೆ ಸಮಕಾಲದಲ್ಲಿ ಸಮ ಕ್ಷೇತ್ರವನ್ನು ಕ್ರಮಿಸುತ್ತದೆ ಎಂಬುದು ಎರಡನೆಯ ನಿಯಮವೆಂದು ಹೆಸರಾದರೂ ಕೆಪ್ಲರನಿಗೆ ಮೊದಲು ಹೊಳೆದದ್ದು ಅದೇ. ಸಮೀಪದಲ್ಲಿ ಓಟ, ದೂರದಲ್ಲಿ ನಿಧಾನ. 2014ರ ಸೆಪ್ಟೆಂಬರ್ 24ರಂದು ಬೆಂಗಳೂರಿನ ನಿಯಂತ್ರಣದಲ್ಲಿ ಮಂಗಳನ ಕಕ್ಷೆ ಸೇರಿದ ಮಂಗಳಯಾನ ನೌಕೆ ಸುಮಾರು 420 ಕಿ.ಮೀ. ಎತ್ತರದಿಂದ 77,000 ಕಿ.ಮೀ.ವರೆಗೆ ಹೋಗಿಬರುವಾಗ ಅನುಸರಿಸಿದ್ದೂ ಇದನ್ನೇ. ಅಲ್ಲಿ ನಾಭಿಯಲ್ಲಿದ್ದದ್ದು ಮಂಗಳ.

ಪರಿಭ್ರಮಣ ಕಾಲದ ವರ್ಗ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ ಎಂಬ ಮೂರನೆಯ ನಿಯಮ 1619ರಲ್ಲಿ ಅಚ್ಚಾಯಿತು. ತಾಯಿಯ ಮೇಲೆ ಮಾಟಗಾತಿಯೆಂಬ ಆರೋಪ ಬಂದು ಕೆಪ್ಲರ್ ಓಡಾಡುತ್ತಿದ್ದ ವರ್ಷಗಳವು. 1627ರ ಅವನ ಕೋಷ್ಟಕಗಳ ಆಧಾರದ ಮೇಲೆ 1631ರ ನವೆಂಬರ್ 7ರಂದು ಪ್ಯಾರಿಸ್ಸಿನಲ್ಲಿ ಗಾಸೆಂಡಿ ಬುಧ ಸೂರ್ಯಬಿಂಬವನ್ನು ದಾಟುವುದನ್ನು ಕಂಡ. ಕೆಪ್ಲರ್ ಹಿಂದಿನ ವರ್ಷವೇ ತೀರಿಕೊಂಡಿದ್ದ.

ಕೆಪ್ಲರ್ ಎಡವಿದ್ದು ಬಲದ ವಿಷಯದಲ್ಲಿ. ತಳ್ಳದಿದ್ದರೆ ಗ್ರಹ ನಿಂತುಬಿಡುತ್ತದೆ, ಆದ್ದರಿಂದ ಸೂರ್ಯ ಅದನ್ನು ದಾರಿಯುದ್ದಕ್ಕೂ ತಳ್ಳುತ್ತಿರಬೇಕು ಎಂದು ಅವನು ಭಾವಿಸಿದ್ದ. ಚಲಿಸುವ ವಸ್ತು ತಾನಾಗಿ ಚಲಿಸುತ್ತಲೇ ಇರುತ್ತದೆ ಎಂಬ ಅರಿವು ಗೆಲಿಲಿಯೊನ ಇಳಿಜಾರು ಹಲಗೆಯ ಪ್ರಯೋಗಗಳಿಂದಲೂ ಡೆಕಾರ್ಟನ ಬರಹಗಳಿಂದಲೂ ಗಟ್ಟಿಯಾದ ಮೇಲೆ ಪ್ರಶ್ನೆಯೇ ಬದಲಾಯಿತು: ಗ್ರಹ ನೇರ ಹೋಗದೆ ಬಾಗುವುದೇಕೆ?

1684ರ ಆಗಸ್ಟಿನಲ್ಲಿ ಎಡ್ಮಂಡ್ ಹ್ಯಾಲಿ ಕೇಂಬ್ರಿಜ್‌ಗೆ ಹೋಗಿ, ಸೂರ್ಯನ ಸೆಳೆತ ದೂರದ ವರ್ಗಕ್ಕೆ ವಿಲೋಮವಾಗಿದ್ದರೆ ಕಕ್ಷೆ ಯಾವ ಆಕಾರದ್ದೆಂದು ನ್ಯೂಟನ್ನನನ್ನು ಕೇಳಿದ. ದೀರ್ಘವೃತ್ತವೆಂಬ ಉತ್ತರ ಕೂಡಲೇ ಬಂತು. ಲೆಕ್ಕದ ಹಾಳೆ ಮಾತ್ರ ಸಿಗಲಿಲ್ಲ. ಅದನ್ನು ಹೊಸದಾಗಿ ಬರೆಯಲು ಕೂತದ್ದು ಬೆಳೆದು 1687ರ ‘ಪ್ರಿನ್ಸಿಪಿಯ’ ಆಯಿತು. ರಾಯಲ್ ಸೊಸೈಟಿ ಮೀನುಗಳ ಕುರಿತ ಗ್ರಂಥವೊಂದಕ್ಕೆ ಹಣ ಸುರಿದು ಕೈ ಖಾಲಿ ಮಾಡಿಕೊಂಡಿತ್ತು. ಅಚ್ಚಿನ ಖರ್ಚನ್ನು ಹ್ಯಾಲಿಯೇ ಹೊತ್ತ.

ದೂರದ ವರ್ಗಕ್ಕೆ ವಿಲೋಮವಾದ ಈ ಸೆಳೆತವನ್ನು ಚಂದ್ರನ ಮೇಲೆ ಪರೀಕ್ಷಿಸಬಹುದು. ಭೂಮಿಯ ಮೇಲೆ ಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರ ಇರುವುದು ಭೂತ್ರಿಜ್ಯದ 60 ಪಟ್ಟು ದೂರದಲ್ಲಿ. ಸೆಳೆತ ಅಲ್ಲಿ 3,600ರಲ್ಲಿ ಒಂದು ಪಾಲಾದರೆ ಅದೇ 4.9 ಮೀಟರ್ ಬೀಳಲು ಚಂದ್ರನಿಗೆ ಒಂದು ನಿಮಿಷ ಬೇಕು. ಚಂದ್ರನ ದಾರಿ ನೇರ ರೇಖೆಯಿಂದ ನಿಮಿಷಕ್ಕೆ ಬಾಗುವುದು ಹೆಚ್ಚುಕಡಿಮೆ ಅಷ್ಟೇ.

ನ್ಯೂಟನ್ನನ ನಿಯಮದಿಂದ ಹ್ಯಾಲಿ ಮುನ್ಸೂಚಿಸಿದ ಧೂಮಕೇತು 1758ರ ಕೊನೆಗೆ ಮತ್ತೆ ಕಾಣಿಸಿಕೊಂಡಿತು. ಯುರೇನಸ್ಸಿನ ಗತಿಯ ಏರುಪೇರನ್ನು ಹಿಡಿದು 1846ರಲ್ಲಿ ನೆಪ್ಚೂನನ್ನು ಪತ್ತೆಹಚ್ಚಿದರು. ಬುಧನ ಕಕ್ಷೆ ಮಾತ್ರ ಲೆಕ್ಕಕ್ಕಿಂತ ಶತಮಾನಕ್ಕೆ ಸುಮಾರು 43 ವಿಕಲೆ (ಕಲೆಯ ಅರುವತ್ತರಲ್ಲಿ ಒಂದು ಭಾಗ ಒಂದು ವಿಕಲೆ) ಹೆಚ್ಚು ತಿರುಗುತ್ತಿತ್ತು. ವಲ್ಕನ್ ಎಂಬ ಕಲ್ಪಿತ ಗ್ರಹಕ್ಕಾಗಿ ಹುಡುಕಾಟವೂ ನಡೆದು, ಏನೂ ಸಿಗದೆ, 1915ರಲ್ಲಿ ಐನ್‌ಸ್ಟೈನನ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದಿಂದ ಆ ಲೆಕ್ಕ ಕೂಡಿಬಂತು.