ಪುಕ್ಕಟೆ ಮಿಕ್ಸರ್, ಸಿಮೆಂಟ್ ಚೀಲ ಮತ್ತು ಚಿಕ್ಕಪ್ಪನ ಒಂದು ಪ್ರಶ್ನೆ

ಹೋದ ಸಲ ಊರಿಗೆ ಹೋದಾಗ ವಾಡಿ ಜಂಕ್ಷನ್ನಿನಲ್ಲಿ ಇಳಿದು ಸೇಡಂ ಕಡೆಯ ಗಾಡಿಗೆ ಕಾಯ್ತಾ ಕೂತಿದ್ದೆ. ಬೆಂಗಳೂರಿಂದ ಬರೋ ನಮಗೆ ಇದು ಮಾಮೂಲು. ಕೈಯಲ್ಲಿ ಚಹಾ, ಎದುರಿಗೆ ಸಿಮೆಂಟ್ ವ್ಯಾಗನ್ನುಗಳ ಉದ್ದನೆಯ ಸಾಲು. ಅಷ್ಟರಲ್ಲಿ ಚಿಕ್ಕಪ್ಪನ ಮಗನ ಫೋನು.

"ಅಣ್ಣಾ ಲಗೂ ಬಾ. ವಿನ್ನರ್ ತೆಗಿಯೋ ಪ್ರೋಗ್ರಾಮ್ ಬರಕೊಡು. ಇವತ್ ಸಂಜಿಗೇ ಅನೌನ್ಸ್ ಮಾಡ್ಬೇಕು!"

ವಿಷಯ ಏನಂದ್ರೆ, ಚಿಕ್ಕಪ್ಪಂದು ಸೇಡಂನಲ್ಲಿ ಸಿಮೆಂಟು, ಬಣ್ಣ, ಹಾರ್ಡ್‌ವೇರ್ ಅಂಗಡಿ. ಮಗ ಅದಕ್ಕೊಂದು ಇನ್‌ಸ್ಟಾಗ್ರಾಮ್ ಪೇಜ್ ಮಾಡಿದ್ದ. ಪೇಜನ್ನ ಫಾಲೋ ಮಾಡಿ, ಮೂರು ಜನ ಗೆಳೆಯರನ್ನ ಟ್ಯಾಗ್ ಮಾಡಿದರೆ ಲಾಟಿನಲ್ಲಿ ಒಬ್ಬರಿಗೆ ಮಿಕ್ಸರ್ ಪುಕ್ಕಟೆ. ಉಳಿದವರಿಗೆಲ್ಲ ಬಣ್ಣದ ಮೇಲೆ ರಿಯಾಯಿತಿ ಕೂಪನ್. 180 ಇದ್ದ ಫಾಲೋವರ್ಸ್ ಹತ್ತು ದಿನದಲ್ಲಿ 2,600 ಆಗಿದ್ದರು. ಹುಡುಗ ಗಾಳಿಯಲ್ಲಿ ತೇಲ್ತಾ ಇದ್ದ :)

ಸಿಮೆಂಟಿನ ಮೇಲೆ ಯಾಕೆ ಕೂಪನ್ ಇಲ್ಲ ಅಂತ ಕೇಳಿದೆ. ಹಿಂದಿನಿಂದ ಚಿಕ್ಕಪ್ಪನ ದನಿ ಕೇಳಿಸ್ತು, "ಚೀಲಕ್ಕ ಹತ್ ರೂಪಾಯಿ ಉಳಿದ್ರ ದೊಡ್ಡದು. ಅದರಾಗ ಏನ್ ಕೂಪನ್ ಕೊಡ್ಲಿ?"

ಗಾಡಿ ತಡ ಇತ್ತು. ನಾನು ಕೂತಲ್ಲೇ ಈ ಪುಕ್ಕಟೆ ಕೊಡೋ ವ್ಯವಹಾರದ ಬಗ್ಗೆ ಯೋಚಿಸ್ತಾ ಹೋದೆ. ಅದಕ್ಕೆ ಕಾರಣ ಕೈಯಲ್ಲಿದ್ದ ಚಹಾನೇ.

ಚಹಾ ನಮ್ಮ ಜನರ ಕುಡಿಯೋ ಪದಾರ್ಥವೇ ಆಗಿರಲಿಲ್ಲ. ತೋಟದವರ ಸರಕು ಬಹುಪಾಲು ಹೊರದೇಶಕ್ಕೆ ಹೋಗ್ತಿತ್ತು. 1903ರಲ್ಲಿ ಬ್ರಿಟಿಷ್ ಸರ್ಕಾರ ಚಹಾ ರಫ್ತಿನ ಮೇಲೆ ಒಂದು ಸೆಸ್ ಹಾಕಿ, ಆ ದುಡ್ಡನ್ನ ಚಹಾ ಪ್ರಚಾರಕ್ಕೆ ಅಂತಲೇ ಇಟ್ಟಿತು. ಮೊದಲನೇ ಮಹಾಯುದ್ಧದ ಹೊತ್ತಿಗೆ ಗಿರಣಿ, ಕಲ್ಲಿದ್ದಲು ಗಣಿಗಳಲ್ಲಿ ಚಹಾ ಅಂಗಡಿ ಇಡಿಸಿದರು. ರೈಲ್ವೆ ಸ್ಟೇಷನ್ನುಗಳಲ್ಲಿ ಸಣ್ಣ ಕಂತ್ರಾಟುದಾರರಿಗೆ ಕೆಟಲ್, ಕಪ್ಪು, ಚಹಾಪುಡಿ ಕೊಟ್ಟು ಮಾರೋದಕ್ಕೆ ಹಚ್ಚಿದರು. 1930ರ ದಶಕದಲ್ಲಿ ಊರೂರಿಗೆ ಹೋಗಿ ಚಹಾ ಮಾಡೋದು ತೋರಿಸಿ ಪುಕ್ಕಟೆ ಕುಡಿಸಿದರು. ಅವರ ಲೆಕ್ಕದಲ್ಲಿ ನಮ್ಮ ಅಜ್ಜಂದಿರೇ "ಫಾಲೋವರ್ಸ್"! ಅನ್‌ಫಾಲೋ ಮಾಡೋದಂತೂ ಆಗಲೇ ಇಲ್ಲ.

ವನಸ್ಪತಿಯ ಕತೆಯೂ ಅದೇ. 1937ರಲ್ಲಿ ಡಾಲ್ಡಾ ಬಂದಾಗ ತುಪ್ಪದ ಜಾಗಕ್ಕೆ ಇದನ್ನ ಯಾರು ತಗೋತಾರೆ? ಡಬ್ಬಿ ಆಕಾರದ ಗಾಡಿ ಓಡಿಸಿ, ಬೀದೀಲಿ ಒಲೆ ಹಚ್ಚಿ, ಕರಿದ ತಿಂಡಿ ರುಚಿ ತೋರಿಸಿದರು. ಅಮೆರಿಕದಲ್ಲಿ ಕೋಕಾ ಕೋಲಾದವರು ಇದಕ್ಕಿಂತ ಮೊದಲೇ, 1880ರ ದಶಕದ ಕೊನೆಯಲ್ಲಿ, ಒಂದು ಗ್ಲಾಸು ಪುಕ್ಕಟೆ ಅಂತ ಕಾಗದದ ಕೂಪನ್ ಹಂಚಿದ್ದರು. 1894ರಿಂದ 1913ರ ತನಕ ಹಾಗೆ ಕುಡಿಸಿದ ಗ್ಲಾಸುಗಳು 85 ಲಕ್ಷ ಅಂತಾರೆ.

ಇವೆಲ್ಲ ಸರಿ, ನಾಲಿಗೆಯ ವಸ್ತುಗಳು. ಒಂದು ಗುಟುಕು ಕುಡಿಸಬಹುದು. ಆದರೆ ಸಿಮೆಂಟನ್ನ ಹ್ಯಾಗೆ ರುಚಿ ತೋರಿಸ್ತೀರಿ?

ಇಲ್ಲಿ ನಮ್ಮ ಕಡೆಯ ಇತಿಹಾಸ ಬರುತ್ತೆ. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಹೋಗೋ ನಿಜಾಮರ ರೈಲು 1874ರಲ್ಲಿ ಶುರುವಾಯ್ತು. ಪಕ್ಕದ ಶಹಾಬಾದಿನ ಸ್ಟೇಷನ್ ಮುಂಬೈ-ಮದ್ರಾಸ್ ದಾರಿಯಲ್ಲಿದೆ. ನೆಲದಲ್ಲಿ ಸುಣ್ಣದ ಕಲ್ಲು (ಫರ್ಸಿ ಅಂತ ಮನೆಮನೆಗೆ ಹಾಸಿದೀವಲ್ಲ, ಅದೇ), ಬಾಗಿಲಲ್ಲಿ ರೈಲು. ಅದಕ್ಕೇ 1920ರ ದಶಕದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು.

ಆದರೆ ಅದು ಕೆಟ್ಟ ಕಾಲ. ಮೊದಲನೇ ಮಹಾಯುದ್ಧದ ನಂತರ ದೇಶದ ತುಂಬಾ ಹೊಸ ಕಂಪನಿಗಳು ಹುಟ್ಟಿ, ಕೊಳ್ಳೋರಿಗಿಂತ ಸಿಮೆಂಟೇ ಜಾಸ್ತಿ ಆಗಿತ್ತು. ಒಬ್ಬರಿಗಿಂತ ಒಬ್ಬರು ಕಡಿಮೆಗೆ ಮಾರಿ, ಕೊನೆಗೆ ಅಸಲಿಗಿಂತ ಕೆಳಗೆ ಮಾರಿ ಕೆಲವರು ಮುಳುಗಿದರು. ಇಂದಿನ ಭಾಷೇಲಿ ಹೇಳೋದಾದ್ರೆ "ಡಿಸ್ಕೌಂಟ್ ವಾರ್". ಉಳಿದವರಿಗೆ ಬುದ್ಧಿ ಬಂತು. 1925ರಲ್ಲಿ ತಯಾರಕರ ಸಂಘ ಮಾಡಿಕೊಂಡರು. 1927ರಲ್ಲಿ ಕಾಂಕ್ರೀಟ್ ಅಸೋಸಿಯೇಷನ್ ಆಫ್ ಇಂಡಿಯಾ ಅಂತ ಇನ್ನೊಂದು ಸಂಸ್ಥೆ ಕಟ್ಟಿದರು.

ನನಗೆ ತುಂಬಾ ಇಷ್ಟವಾಗಿದ್ದು ಇದು. ಈ ಸಂಸ್ಥೆ ಸಿಮೆಂಟ್ ಮಾರ್ತಿರಲಿಲ್ಲ. ಸಿಮೆಂಟನ್ನ ಹ್ಯಾಗೆ ಬಳಸಬೇಕು ಅಂತ ಹೇಳಿಕೊಡ್ತಿತ್ತು. ಸುಣ್ಣ-ಗಾರೆಯಲ್ಲಿ ಕಟ್ಟಿ ಗೊತ್ತಿದ್ದ ಜನಕ್ಕೆ ಮರಳೆಷ್ಟು, ಕಡಿ ಎಷ್ಟು, ನೀರೆಷ್ಟು ಅಂತ ಪುಕ್ಕಟೆ ಸಲಹೆ ಕೊಡ್ತಿತ್ತು. ಕೈಪಿಡಿ ಅಚ್ಚು ಹಾಕಿತು. ಅದೇ ವರ್ಷ ಶುರುಮಾಡಿದ ಇಂಡಿಯನ್ ಕಾಂಕ್ರೀಟ್ ಜರ್ನಲ್ ಹೆಸರನ್ನ ಸಿವಿಲ್ ಓದಿದ ಗೆಳೆಯರು ಕೇಳಿರ್ತೀರಿ. ಅಂದ್ರೆ ಸಿಮೆಂಟಿನವರು ಕೊಟ್ಟ ಮೊದಲ ದೊಡ್ಡ ಉಡುಗೊರೆ ಮಾಹಿತಿ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎ.ಸಿ.ಸಿ. ಆಯ್ತು. ಆ ಹತ್ತರಲ್ಲಿ ಶಹಾಬಾದಿನದೂ ಒಂದು.

ಆಮೇಲೆ ಕತೆ ಉಲ್ಟಾ ಹೊಡೀತು. ಸ್ವಾತಂತ್ರ್ಯದ ನಂತರ ಬಹಳ ವರ್ಷ ಸಿಮೆಂಟಿನ ದರ, ಹಂಚಿಕೆ ಎರಡೂ ಸರ್ಕಾರದ ಕಂಟ್ರೋಲಿನಲ್ಲಿ. ವಾಡಿಯಲ್ಲಿ 1968ರಲ್ಲಿ ದೊಡ್ಡ ಕಾರ್ಖಾನೆ ಬಂದರೂ, ಅದರ ನೆರಳಲ್ಲಿ ಇರೋನಿಗೂ ಪರ್ಮಿಟ್ ಬೇಕಿತ್ತು. ಅರ್ಜಿ ಹಾಕಿ, ಆಫೀಸಿಗೆ ಅಲೆದು ನಾಕು ಚೀಲ ತರಬೇಕು. ಅಂಥಾ ಕಾಲದಲ್ಲಿ ಗಿರಾಕಿಗೆ ಗಿಫ್ಟ್ ಯಾರು ಕೊಡ್ತಾರೆ? ಗಿರಾಕಿನೇ ಕೈಮುಗಿದು ನಿಲ್ತಿದ್ದ. ನಮ್ಮ ಕಡೆ ಹಿರಿಯರಿಗೆ ಇವತ್ತಿಗೂ ಕೂಪನ್ ಅಂದ್ರೆ ರೇಷನ್ನಿನ ಚೀಟಿನೇ. ಕೊರತೆ ಇದ್ದಾಗ ಅದೇ ಕಾಗದ ಕೊಳ್ಳೋನ ಕೈ ಕಟ್ಟುತ್ತೆ. ಸರಕು ಹೆಚ್ಚಾದಾಗ ಅದೇ ಕಾಗದ ಅವನನ್ನ ಕೈಬೀಸಿ ಕರೆಯುತ್ತೆ!

1982ರಲ್ಲಿ ಕಂಟ್ರೋಲ್ ಅರ್ಧ ಸಡಿಲ ಆಯ್ತು. ಹಳೆ ಕಾರ್ಖಾನೆಗಳು ಮೂರನೇ ಎರಡು ಪಾಲನ್ನ ಸರ್ಕಾರದ ದರಕ್ಕೆ ಕೊಡಬೇಕು, ಹೊಸವು ಅರ್ಧ ಕೊಟ್ಟರೆ ಸಾಕು ಅಂದರು. ಹೊಸದು ಕಟ್ಟೋರಿಗೆ ಇದು ಅನುಕೂಲ ಆಯ್ತು. ಅದೇ ದಶಕದಲ್ಲಿ ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ ಬಂದವು. ರಾಷ್ಟ್ರಕೂಟರ ರಾಜಧಾನಿಯ ಪಕ್ಕ ಚಿಮಣಿ! 1989ರ ಮಾರ್ಚಿನಲ್ಲಿ ಕಂಟ್ರೋಲ್ ಪೂರಾ ಹೋಯ್ತು. ಆಮೇಲೆ ಚಿತ್ತಾಪುರ, ಚಿಂಚೋಳಿ ತಾಲ್ಲೂಕಿಗೂ ಕಾರ್ಖಾನೆ ಬಂದವು.

ಹತ್ತು ಬ್ರ್ಯಾಂಡು, ಎಲ್ಲಾ ಒಂದೇ ಬೂದಿ ಬಣ್ಣ. ಆಗ ಶುರುವಾಗಿದ್ದು ನೋಡಿ, ಗೋಡೆ ತುಂಬ ಪೇಂಟು, ಕ್ಯಾಲೆಂಡರು, ಟೋಪಿ, ಡೀಲರಿಗೆ ಪ್ರವಾಸ. ಎಲ್ಲಕ್ಕಿಂತ ಮುಖ್ಯವಾಗಿ ಮೇಸ್ತ್ರಿಗೆ ಪಾಯಿಂಟು. ಮನೆ ಕಟ್ಟಿಸೋನು ಜೀವನದಲ್ಲಿ ಒಂದು ಸಲ ಸಿಮೆಂಟ್ ಕೊಳ್ತಾನೆ. ಯಾವುದು ತರಬೇಕು ಅಂತ ಹೇಳೋನು ಮೇಸ್ತ್ರಿ. ಈಗ "ಇನ್‌ಫ್ಲುಯೆನ್ಸರ್" ಅಂತೀವಲ್ಲ, ಆ ಕೆಲಸ ನಮ್ಮೂರ ಮೇಸ್ತ್ರಿಗಳು ಇನ್‌ಸ್ಟಾಗ್ರಾಮ್ ಹುಟ್ಟೋಕೆ ಮೊದಲೇ ಮಾಡ್ತಿದ್ದರು. ಬಣ್ಣದ ಡಬ್ಬಿಯಲ್ಲೂ ಹಾಗೇ, ಒಳಗಿನ ಟೋಕನ್ ಪೇಂಟರನಿಗೆ. ಚಿಕ್ಕವನಿದ್ದಾಗ ಚಿಕ್ಕಪ್ಪನ ಅಂಗಡೀಲಿ ಒಬ್ಬ ಪೇಂಟರ್ ತಂಬಾಕಿನ ಡಬ್ಬಿ ತುಂಬ ಟೋಕನ್ ತಂದು ಸುರಿದು ಎಣಿಸೋದನ್ನ ನೋಡಿದ್ದೆ. ನನಗೂ ಒಂದು ಬೇಕು ಅಂತ ಅತ್ತಿದ್ದೆ. "ಅದು ಪುಕ್ಕಟೆ ಅಲ್ಲೋ, ಮನಿ ಮಾಲಕ ರೊಕ್ಕ ಕೊಟ್ಟಾನ, ಅವಗೇ ಗೊತ್ತಿಲ್ಲ" ಅಂದಿದ್ದ ಚಿಕ್ಕಪ್ಪ. ಆಗ ಅರ್ಥ ಆಗಿರಲಿಲ್ಲ.

ಅಂತೂ ಸಂಜೆ ಸೇಡಂ ಮುಟ್ಟಿದೆ. ಟ್ಯಾಗ್ ಮಾಡಿದವರ ಹೆಸರು ಒಂದು ಪಟ್ಟಿಗೆ ಹಾಕಿ, ಹತ್ತು ಸಾಲಿನ ಪ್ರೋಗ್ರಾಮ್ ಬರೆದು ಓಡಿಸಿದೆ. ಹೆಸರು ಬಂತು. ತೆಗೆದು ನೋಡಿದ್ರೆ ದೂರದ ಯಾವುದೋ ರಾಜ್ಯದ ಅಕೌಂಟು. ಪುಟದ ತುಂಬ ಬರೀ ಇಂಥಾ ಸ್ಪರ್ಧೆಗಳೇ! ಜನ್ಮದಲ್ಲಿ ಸೇಡಂ ನೋಡೋ ಸಂಭವ ಇಲ್ಲ. ತಮ್ಮನ ಮುಖ ಸಣ್ಣದಾಯ್ತು. "ಅಣ್ಣಾ, ಇನ್ನೊಂದ್ ಸಲ ಒತ್ತು."

ಒತ್ತಿದೆ. ಸುಳ್ಳು ಯಾಕೆ ಹೇಳಲಿ, ಯೋಚನೆನೇ ಮಾಡಲಿಲ್ಲ. ಈ ಸಲ ಚಿತ್ತಾಪುರದ ಒಬ್ಬರ ಹೆಸರು. ಇಬ್ಬರಿಗೂ ಖುಷಿ.

ಗಲ್ಲಾ ಮೇಲೆ ಕೂತಿದ್ದ ಚಿಕ್ಕಪ್ಪ ತಲೆ ಎತ್ತಿ ಕೇಳಿದ, "ಇದು ಮೊದಲನೇದೋ, ಎರಡನೇದೋ?"

ನಾನು ಉತ್ತರ ಕೊಡೋಕೆ ಸ್ವಲ್ಪ ಹೊತ್ತು ಬೇಕಾಯ್ತು. ರ‍್ಯಾಂಡಮ್ ಅನ್ನೋದನ್ನ ನಮಗೆ ಬೇಕಾದ್ದು ಬರೋ ತನಕ ಒತ್ತಿದರೆ ಅದು ರ‍್ಯಾಂಡಮ್ ಅಲ್ಲ ಅಂತ ಇಂಜಿನಿಯರಿಂಗ್ ಓದಿದ ನನಗೆ ಪಿ.ಯು.ಸಿ. ಓದದ ಚಿಕ್ಕಪ್ಪ ನೆನಪಿಸಬೇಕಾಯ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೂಡ ಇಂಥದ್ದನ್ನ ಬಿಟ್ಟಿಲ್ಲ. ಕೊಡೋ ಮನಸ್ಸಿಲ್ಲದೆ ಬಹುಮಾನ ಅನ್ನೋದು, ಬೆಲೆಯಲ್ಲೇ ಸೇರಿಸಿ ಪುಕ್ಕಟೆ ಅನ್ನೋದು, ಸ್ಪರ್ಧೆಯ ಅಂತಿಮ ಫಲಿತಾಂಶ ಮುಚ್ಚಿಡೋದು ಎಲ್ಲವನ್ನೂ ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತೆ. ಆದರೆ ಚಿಕ್ಕಪ್ಪ ಕಾಯ್ದೆ ಓದಿ ಕೇಳಿದ್ದಲ್ಲ.

ಮಿಕ್ಸರ್ ಮೊದಲನೇ ಹೆಸರಿಗೇ ಹೋಯ್ತು. ಕೊರಿಯರ್ ಖರ್ಚು ಬೇರೆ! ಒಂದು ತಿಂಗಳಲ್ಲಿ ಫಾಲೋವರ್ಸ್ 1,900ಕ್ಕೆ ಇಳಿದರು. ಕೂಪನ್ ತೋರಿಸಿ ಬಣ್ಣ ಒಯ್ದವರು ಇಬ್ಬರು. ಇಬ್ಬರೂ ಹಳೇ ಗಿರಾಕಿಗಳೇ.

ಇದು ದೊಡ್ಡವರಿಗೂ ಗೊತ್ತಿರೋ ಸಂಗತಿ. ಫೇಸ್‌ಬುಕ್ಕಿನಲ್ಲಿ ಒಂದು ಕಾಲಕ್ಕೆ ಪೇಜ್ ಲೈಕ್ ಮಾಡಿದರೆ ಮಾತ್ರ ಕೂಪನ್ ತೋರಿಸೋ ಪದ್ಧತಿ ಇತ್ತು. 2014ರ ನವೆಂಬರಿನಿಂದ ಅದನ್ನ ಅವರೇ ಬಂದ್ ಮಾಡಿದರು. ಆಸೆ ತೋರಿಸಿ ತಂದ ಲೈಕು ಆಸಕ್ತಿಯ ಲೈಕಲ್ಲ ಅಂತ.

ಮರುದಿನ ಅಂಗಡೀಲಿ ಕೂತಿದ್ದೆ. ಚಿಂಚೋಳಿ ಕಡೆಯ ರೈತರೊಬ್ಬರು ತೊಗರಿ ಮಾರಿದ ರೊಕ್ಕ ಹಿಡ್ಕೊಂಡು ಬಂದರು. ಮನೆಗೆ ಬೇಕಾದ ಅಷ್ಟೂ ಚೀಲ ಒಂದೇ ಸಲ ಬೇಕಂತೆ. ಚಿಕ್ಕಪ್ಪ, "ಬುನಾದಿಗೆ ಎಷ್ಟೋ ಅಷ್ಟೇ ಒಯ್ಯಿರಿ. ಮೂರು ತಿಂಗಳು ದಾಟಿದ್ರ ಸಿಮೆಂಟಿನ ಬಲ ಹೋಗ್ತದ. ಇಟ್ರೂ ನೆಲಕ್ಕ ತಾಗಿಸಬ್ಯಾಡ್ರಿ, ಹಲಗಿ ಮ್ಯಾಲ ಇಡ್ರಿ" ಅಂದ. ಅರ್ಧಕ್ಕರ್ಧ ವ್ಯಾಪಾರ ತಾನೇ ಕಳ್ಕೊಂಡ. ಅವರ ಅಣ್ಣನೂ ಇದೇ ಅಂಗಡಿಯಿಂದ ಒಯ್ದಿದ್ದರಂತೆ.

ತೂಕ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕೋದಕ್ಕೆ ನಮ್ಮಲ್ಲಿ ಕೊಸರು ಅಂತ ಚಂದದ ಮಾತಿದೆ. ಕೊಂಡವನಿಗೆ ಕೊಡೋದು ಕೊಸರು. ಕೊಳ್ಳಲಿ ಅಂತ ಯಾರಿಗೋ ಎಸೆಯೋದು ಗಾಳ. 1927ರವರು ಕೊಟ್ಟ ಸಲಹೆ, ಚಿಕ್ಕಪ್ಪ ಕೊಟ್ಟ ಸಲಹೆ ಎರಡನ್ನೂ ನಾನು ಕೊಸರಿನ ಲೆಕ್ಕಕ್ಕೇ ಸೇರಿಸ್ತೀನಿ. ವ್ಯಾಪಾರದ ಬುದ್ಧಿ ಅದರಲ್ಲೂ ಇದೆ, ಇಲ್ಲ ಅನ್ನಲ್ಲ. ಆದರೆ ಒಯ್ದವನ ಮನೆ ಗಟ್ಟಿ ನಿಲ್ಲುತ್ತೆ.

ತಮ್ಮ ಈಗ ಪೇಜಿನಲ್ಲಿ ಅಪ್ಪನ ಮಾತುಗಳನ್ನ ಸಣ್ಣ ವಿಡಿಯೋ ಮಾಡಿ ಹಾಕ್ತಿದ್ದಾನೆ. ನೋಡೋರು ಕಡಿಮೆ. ಆದರೆ ಮೊನ್ನೆ ಶಹಾಬಾದಿನಿಂದ ಒಬ್ಬರು ಫೋನ್ ಮಾಡಿ ಬಾತ್‌ರೂಮ್ ಗೋಡೆಯ ತೇವಕ್ಕೆ ಏನು ಮಾಡೋದು ಅಂತ ಕೇಳಿದರಂತೆ.

ನಿಮ್ಮೂರ ಅಂಗಡಿಯವರು ಕೊಟ್ಟ, ಇನ್ನೂ ನೆನಪಿರೋ ಕೊಸರು ಯಾವುದು? ಹೇಳಿ, ಕೇಳೋ ಆಸೆ ಇದೆ...