ಇಮಾಮ್, ಖಲೀಫ, ಅಯತೊಲ್ಲಾ: ಯಾವ ಬಿರುದು ಯಾರಿಗೆ? ವ್ಯತ್ಯಾಸವೇನು?

ಪಶ್ಚಿಮ ಏಷ್ಯಾದ ಸುದ್ದಿಗಳಲ್ಲಿ ಇಮಾಮ್, ಖಲೀಫ, ಅಯತೊಲ್ಲಾ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಕನ್ನಡದಲ್ಲಿ ಎಲ್ಲರನ್ನೂ 'ಮುಸ್ಲಿಂ ಧರ್ಮಗುರು' ಎಂದುಬಿಡುವುದು ರೂಢಿ. ಆದರೆ ಇವುಗಳಲ್ಲಿ ಕೆಲವು ವಿದ್ವತ್ತಿನಿಂದ, ಕೆಲವು ವಂಶದಿಂದ, ಇನ್ನು ಕೆಲವು ಅಧಿಕಾರದಿಂದ ಬರುವ ಬಿರುದುಗಳು. ಪಂಥ ಬದಲಾದರೆ ಅರ್ಥವೂ ಬದಲಾಗುತ್ತದೆ.

ಇಮಾಮ್
ಅರಬ್ಬಿಯಲ್ಲಿ 'ಮುಂದೆ ನಿಲ್ಲುವವರು' ಎಂದರ್ಥ. ಸುನ್ನಿಗಳಲ್ಲಿ ಸಾಮಾನ್ಯವಾಗಿ ಮಸೀದಿಯಲ್ಲಿ ನಮಾಜ್ ನಡೆಸಿಕೊಡುವವರು ಇಮಾಮರು. ಶಿಯಾಗಳಿಗೆ ಇದು ಪ್ರವಾದಿ ಮುಹಮ್ಮದರ ಅಳಿಯ ಅಲಿ ಹಾಗೂ ಅವರ ವಂಶದ ಪರಮೋಚ್ಚ ನಾಯಕರಿಗೆ ಮೀಸಲಾದ ಪದವಿ. ಹೆಚ್ಚಿನ ಶಿಯಾಗಳು 12 ಇಮಾಮರನ್ನು ನಂಬುತ್ತಾರೆ. ನಿಜಾರಿ ಇಸ್ಮಾಯಿಲಿಗಳಲ್ಲಿ ಈ ಪರಂಪರೆ ಇಂದಿಗೂ ಮುಂದುವರಿದಿದ್ದು, ಅವರ ಇಮಾಮರೇ ಆಗಾ ಖಾನ್. ಪರ್ಷಿಯಾದಿಂದ ಬಂದ ಮೊದಲ ಆಗಾ ಖಾನ್ 1881ರಲ್ಲಿ ಮುಂಬೈನಲ್ಲಿ ನಿಧನರಾದರು. ಅವರ ಸಮಾಧಿ ಮಝಗಾಂವ್‌ನಲ್ಲಿದೆ.

ಖಲೀಫ
'ಉತ್ತರಾಧಿಕಾರಿ' ಎಂದರ್ಥ. 632ರಲ್ಲಿ ಪ್ರವಾದಿಯವರ ನಿಧನದ ನಂತರ ಸಮುದಾಯದ ನಾಯಕತ್ವ ವಹಿಸಿದ ಅಬೂಬಕರ್ ಮೊದಲ ಖಲೀಫರು. ಟರ್ಕಿಯ ಸಂಸತ್ತು 1924ರ ಮಾರ್ಚ್ 3ರಂದು ಈ ಪದವಿಯನ್ನೇ ರದ್ದುಪಡಿಸಿತು. ಕೊನೆಯ ಖಲೀಫ ಎರಡನೇ ಅಬ್ದುಲ್ ಮಜೀದ್ ಅವರ ಪುತ್ರಿ ದುರ್ರುಶೆಹ್ವಾರ್, 1931ರಲ್ಲಿ ಹೈದರಾಬಾದ್ ನಿಜಾಮರ ಹಿರಿಯ ಪುತ್ರನನ್ನು ವಿವಾಹವಾದರು.

ಅಯತೊಲ್ಲಾ
'ದೇವರ ಕುರುಹು' ಎಂಬರ್ಥದ ಈ ಬಿರುದು ಶಿಯಾ ವಿದ್ವಾಂಸರದ್ದು. ಇರಾನಿನ ಕೋಮ್, ಇರಾಕಿನ ನಜಫ್‌ನಂಥ ವಿದ್ಯಾಕೇಂದ್ರಗಳಲ್ಲಿ ದಶಕಗಳ ಅಧ್ಯಯನ ಮಾಡಿದವರನ್ನು ಸಹ ವಿದ್ವಾಂಸರು, ಅನುಯಾಯಿಗಳು ಹೀಗೆ ಕರೆಯುತ್ತಾರೆ. ಇದಕ್ಕಿಂತ ಕೆಳಗಿನ ದರ್ಜೆ 'ಹೊಜ್ಜತೊಲೆಸ್ಲಾಂ'.

ಆದರೆ ರಾಜಕೀಯವೂ ದರ್ಜೆಯನ್ನು ಏರಿಸಬಲ್ಲದು. 1989ರ ಜೂನ್‌ನಲ್ಲಿ ಖೊಮೇನಿ ನಿಧನರಾದಾಗ, ಅಧ್ಯಕ್ಷರಾಗಿದ್ದ ಅಲಿ ಖಮೇನಿ ಇರಾನಿನ ಸರ್ವೋಚ್ಚ ನಾಯಕರಾಗಿ ಆಯ್ಕೆಯಾದರು. ಅಲ್ಲಿಯವರೆಗೆ ಹೊಜ್ಜತೊಲೆಸ್ಲಾಂ ಆಗಿದ್ದ ಅವರು ಬಳಿಕ ಅಯತೊಲ್ಲಾ ಎನಿಸಿಕೊಂಡರು. ಸರ್ವೋಚ್ಚ ನಾಯಕರು 'ಮರ್ಜಾ', ಅಂದರೆ ಜನರು ಅನುಸರಿಸುವ ಅತ್ಯುನ್ನತ ವಿದ್ವಾಂಸರಾಗಿರಬೇಕೆಂಬ ಸಾಂವಿಧಾನಿಕ ನಿಯಮವನ್ನೂ ಅದೇ ವರ್ಷ ಕೈಬಿಡಲಾಯಿತು.

ಮುಫ್ತಿ, ಮೌಲಾನಾ
ಧಾರ್ಮಿಕ ಕಾನೂನಿನ ಪ್ರಶ್ನೆಗಳಿಗೆ ಅಭಿಪ್ರಾಯ, ಅಂದರೆ ಫತ್ವಾ ನೀಡುವ ವಿದ್ವಾಂಸರು ಮುಫ್ತಿ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ ಧಾರ್ಮಿಕ ವಿದ್ವಾಂಸರನ್ನು ಗೌರವದಿಂದ ಕರೆಯುವ ಪದ ಮೌಲಾನಾ. ದೇಶದ ಮೊದಲ ಶಿಕ್ಷಣ ಸಚಿವ ಅಬುಲ್ ಕಲಾಂ ಆಜಾದ್ ಅವರ ಹೆಸರಿನ ಹಿಂದಿರುವುದೂ ಇದೇ ಬಿರುದು.

ರಾಜರಿಗೂ ಬಿರುದು
ಸೌದಿ ಅರೇಬಿಯಾದ ದೊರೆ ಫಹದ್ 1986ರಲ್ಲಿ 'ಮಹಾಪ್ರಭು' ಎಂಬ ಸಂಬೋಧನೆ ಬಿಟ್ಟು, ಮೆಕ್ಕಾ ಮತ್ತು ಮದೀನಾದ 'ಎರಡು ಪವಿತ್ರ ಮಸೀದಿಗಳ ಪಾಲಕ' ಎಂಬ ಬಿರುದನ್ನು ಸ್ವೀಕರಿಸಿದರು. ನಂತರದ ದೊರೆಗಳೂ ಅದನ್ನೇ ಮುಂದುವರಿಸಿದ್ದಾರೆ.